ಮೀನಿನ ಹೆಸರು ಕೇಳುತ್ತಾ ಹೋದ ಬುಕಾನನ್

ನಮ್ಮ ಶಾಲೆಯ ಸುವರ್ಣ ಮಹೋತ್ಸವ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿದಾಗ ಮೊದಲು ಹಿಂಜರಿದೆ. ನಾನು 2005ರಲ್ಲಿ ಇಲ್ಲಿ ಎಸ್.ಎಸ್.ಎಲ್.ಸಿ. ಮುಗಿಸಿದವನು. ಆಮೇಲೆ ಬಿ.ಇ. ಓದಿ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದೇನೆ. ಕನ್ನಡದಲ್ಲಿ ಇಷ್ಟುದ್ದ ಬರೆದದ್ದು ಹತ್ತನೇ ತರಗತಿಯ ಪ್ರಬಂಧವೇ ಕೊನೆ. ಆದರೂ ಒಪ್ಪಿಕೊಂಡೆ. ಒಬ್ಬ ಮನುಷ್ಯನ ಕಥೆಯನ್ನು ನಮ್ಮ ಊರಿನವರಿಗೆ, ಮುಖ್ಯವಾಗಿ ಈಗ ಇಲ್ಲಿ ಓದುತ್ತಿರುವ ಮಕ್ಕಳಿಗೆ ಹೇಳಬೇಕೆಂಬ ಆಸೆ ಎರಡು ವರ್ಷದಿಂದ ಇತ್ತು. ಆತ ತೀರಿಕೊಂಡು ಇನ್ನೂರು ವರ್ಷ ಹತ್ತಿರವಾಗುತ್ತಿದೆ. ಹುಟ್ಟಿದ್ದು ದೂರದ ಸ್ಕಾಟ್ಲೆಂಡಿನಲ್ಲಿ. ಆದರೆ ನಮ್ಮ ಚನ್ನಪಟ್ಟಣದ ದಾರಿಯಲ್ಲೇ ನಡೆದುಹೋಗಿದ್ದಾನೆ. ಹೆಸರು ಫ್ರಾನ್ಸಿಸ್ ಬುಕಾನನ್.

ಈತ ನನಗೆ ಸಿಕ್ಕಿದ್ದು ಸಮುದ್ರಕ್ಕೆ ಇಳಿದದ್ದರಿಂದ ಎಂದರೆ ನೀವು ನಗಬಹುದು. ಬೆನ್ನಿಗೆ ಪ್ಲಾಸ್ಟಿಕ್ ಕ್ಯಾನು ಕಟ್ಟಿಕೊಂಡು ತೋಟದ ಬಾವಿಯಲ್ಲಿ ಈಜು ಕಲಿತವನು ನಾನು. ಕೆಲಸಕ್ಕೆ ಸೇರಿದ ಮೇಲೆ ಗೆಳೆಯರ ಜೊತೆ ಮುರುಡೇಶ್ವರಕ್ಕೆ ಹೋಗಿ ಸ್ಕೂಬಾ ಡೈವಿಂಗ್ ಮಾಡಿದೆ. ಅಲ್ಲಿಂದ ದೋಣಿಯಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ನೇತ್ರಾಣಿ ದ್ವೀಪ, ಅದರ ಸುತ್ತ ನೀರಿನೊಳಗೆ ಹವಳದ ಬಂಡೆಗಳು. ಬೆನ್ನಿಗೆ ಗಾಳಿಯ ಸಿಲಿಂಡರ್ ಹೊತ್ತು ಇಳಿದಾಗ ನಾನು ಕಂಡದ್ದು ಬರೀ ಬಣ್ಣ. ಹಳದಿ ಮೀನು, ನೀಲಿ ಮೀನು, ಪಟ್ಟೆ ಮೀನು. ಮೇಲೆ ಬಂದ ಮೇಲೆ ಏನೇನು ನೋಡಿದೆ ಎಂದು ಕೇಳಿದರೆ ಹೇಳಲು ಒಂದು ಹೆಸರೂ ಗೊತ್ತಿರಲಿಲ್ಲ. ಜಾತ್ರೆಗೆ ಹೋಗಿ ಬಂದು ಯಾರನ್ನು ನೋಡಿದೆ ಎಂದು ಹೇಳಲಾಗದವನ ಹಾಗಾಯಿತು.

ಎರಡನೇ ವರ್ಷ ಸರಿಯಾಗಿ ತರಬೇತಿ ಪಡೆದೆ. ಕಲಿಸಿದವರು ಮೊದಲು ಹೇಳಿದ್ದು, ಬಣ್ಣವನ್ನು ನಂಬಬೇಡ ಎಂದು. ನೀರು ಮೊದಲು ನುಂಗುವುದು ಕೆಂಪು ಬಣ್ಣವನ್ನು. ಹತ್ತು ಹದಿನೈದು ಮೀಟರ್ ಆಳಕ್ಕೆ ಹೋದರೆ ಕೆಂಪು ಮೀನು ಬೂದಿ ಬಣ್ಣಕ್ಕೆ ತಿರುಗಿದಂತೆ ಕಾಣುತ್ತದೆ. ಆದ್ದರಿಂದ ಮೊದಲು ಮೈಯ ಆಕಾರ ನೋಡಬೇಕು, ಆಮೇಲೆ ಬಾಲ, ಆಮೇಲೆ ರೆಕ್ಕೆ, ಆಮೇಲೆ ಪಟ್ಟೆ ಎಷ್ಟಿದೆ ಎಂದು ಎಣಿಸಬೇಕು. ಒಂಟಿಯಾಗಿದೆಯೋ ಗುಂಪಿನಲ್ಲಿದೆಯೋ, ಬಂಡೆ ಕೆರೆಯುತ್ತಿದೆಯೋ ನೀರಿನಲ್ಲಿ ತೇಲುವುದನ್ನು ತಿನ್ನುತ್ತಿದೆಯೋ ಎಂದು ಗಮನಿಸಬೇಕು. ಮೇಲೆ ಬಂದ ಕೂಡಲೇ ಬರೆದುಕೊಳ್ಳಬೇಕು. ತಡ ಮಾಡಿದರೆ ನೆನಪು ತನಗೆ ಬೇಕಾದ ಪಟ್ಟೆಯನ್ನು ತಾನೇ ಸೇರಿಸಿಕೊಳ್ಳುತ್ತದೆ.

ನನಗೂ ಹಾಗೇ ಆಯಿತು. ಬಿಳಿ ಮೈ, ಎರಡು ಕಪ್ಪು ಪಟ್ಟೆ, ಬೆನ್ನಿನಿಂದ ಬಾವುಟದಂತೆ ಹಿಂದಕ್ಕೆ ಚಾಚಿದ ಉದ್ದ ರೆಕ್ಕೆ ಇರುವ ಮೀನೊಂದನ್ನು ಕಂಡು, ಮೂರಿಶ್ ಐಡಲ್ ಎಂದು ಹೆಮ್ಮೆಯಿಂದ ಪುಸ್ತಕದಲ್ಲಿ ಬರೆದುಕೊಂಡೆ. ಸಂಜೆ ಗೆಳೆಯ ತೆಗೆದ ಫೋಟೊ ನೋಡಿದರೆ ಬಾಲ ಹಳದಿ. ಮೂರಿಶ್ ಐಡಲ್‌ಗೆ ಬಾಲ ಕಪ್ಪಗಿರುತ್ತದೆ. ನಾನು ಕಂಡದ್ದು ಬ್ಯಾನರ್ ಫಿಶ್ ಎಂಬ ಬೇರೆಯೇ ಮೀನು. ನೋಡಿದ್ದೆ, ಆದರೆ ಬಾಲ ನೋಡಿರಲಿಲ್ಲ. ಇನ್ನು ಗಿಳಿಮೀನಿನ ವಿಷಯ ಬೇರೆ. ಗಿಳಿಯ ಕೊಕ್ಕಿನಂಥ ಬಾಯಿಂದ ಬಂಡೆ ಕೆರೆದು ತಿನ್ನುವ ಈ ಮೀನು ಮರಿಯಾಗಿದ್ದಾಗ ಒಂದು ಬಣ್ಣ, ಬೆಳೆದು ದೊಡ್ಡ ಗಂಡಾದಾಗ ಮತ್ತೊಂದು ಬಣ್ಣ. ಹಿಂದಿನ ಪಂಡಿತರು ಒಂದೇ ಗಿಳಿಮೀನನ್ನು ಎರಡು ಜಾತಿ ಎಂದು ತಿಳಿದು ಎರಡೆರಡು ಹೆಸರಿಟ್ಟದ್ದೂ ಉಂಟು.

ಮೀನಿನ ಪುಸ್ತಕಗಳಲ್ಲಿ ಪ್ರತಿ ಮೀನಿನ ಶಾಸ್ತ್ರೀಯ ಹೆಸರಿನ ಪಕ್ಕ ಒಬ್ಬ ವ್ಯಕ್ತಿಯ ಹೆಸರು ಮತ್ತು ಇಸವಿ ಇರುತ್ತದೆ. ಆ ಮೀನನ್ನು ಮೊದಲು ಶಾಸ್ತ್ರಕ್ಕೆ ಪರಿಚಯಿಸಿದವರು ಯಾರು, ಯಾವಾಗ ಎಂಬ ಗುರುತು ಅದು. ಒಂದು ರಾತ್ರಿ ಸುಮ್ಮನೆ ಕುತೂಹಲಕ್ಕೆ ನಮ್ಮ ಕೆರೆಯ ಮೀನುಗಳನ್ನು ಹುಡುಕಿದೆ. ರೋಹು, ಹ್ಯಾಮಿಲ್ಟನ್, 1822. ಕಾಟ್ಲಾ, ಹ್ಯಾಮಿಲ್ಟನ್, 1822. ಮೃಗಾಲ್, ಅದೂ ಹ್ಯಾಮಿಲ್ಟನ್, 1822. ನಮ್ಮ ಕೆರೆಯಲ್ಲಿ, ಕಣ್ವ ಜಲಾಶಯದಲ್ಲಿ, ಮಂಚನಬೆಲೆಯಲ್ಲಿ ಬಲೆ ಹಾಕಿದರೆ ಬರುವ ಮೀನಿಗೆಲ್ಲ ಈ ಒಬ್ಬನ ಹೆಸರು ಅಂಟಿಕೊಂಡಿದೆಯಲ್ಲ, ಯಾರೀತ ಎಂದು ಹುಡುಕಿದಾಗ ತಿಳಿಯಿತು, ಹ್ಯಾಮಿಲ್ಟನ್ ಎಂಬಾತನೇ ಬುಕಾನನ್. ಮೈಸೂರು ಸೀಮೆಯ ಚರಿತ್ರೆ ಓದುವವರೆಲ್ಲ ಬಲ್ಲ ಬುಕಾನನ್ ಒಬ್ಬ, ಮೀನಿನ ಪುಸ್ತಕದ ಹ್ಯಾಮಿಲ್ಟನ್ ಇನ್ನೊಬ್ಬ ಎಂದುಕೊಂಡಿದ್ದೆ. ಗಿಳಿಮೀನಿನಂತೆ, ಎರಡು ಹೆಸರಾದರೂ ಆಸಾಮಿ ಒಬ್ಬನೇ.

ಬುಕಾನನ್ ಹುಟ್ಟಿದ್ದು 1762ರ ಫೆಬ್ರುವರಿ 15ರಂದು, ಸ್ಕಾಟ್ಲೆಂಡಿನ ಪರ್ತ್‌ಶೈರ್ ಪ್ರಾಂತ್ಯದಲ್ಲಿ. ತಂದೆ ವೈದ್ಯ. ತಾಯಿ ಹ್ಯಾಮಿಲ್ಟನ್ ಮನೆತನದ ಹೆಣ್ಣುಮಗಳು. ಮನೆಗೆ ಹಿರಿಯ ಮಗನಲ್ಲದ್ದರಿಂದ ಆಸ್ತಿ ನೆಚ್ಚಿಕೊಂಡು ಕೂರುವಂತಿರಲಿಲ್ಲ. ಗ್ಲಾಸ್ಗೊದಲ್ಲಿ ಓದಿ, ಎಡಿನ್‌ಬರೊದಲ್ಲಿ 1783ರಲ್ಲಿ ವೈದ್ಯ ಪದವಿ ಪಡೆದ. ಅಲ್ಲಿ ಜಾನ್ ಹೋಪ್ ಎಂಬ ಗುರುಗಳು ಹೇಳುತ್ತಿದ್ದ ಸಸ್ಯಶಾಸ್ತ್ರದ ಪಾಠ ಆತನ ಮನಸ್ಸನ್ನು ಹಿಡಿಯಿತು. ಪಾಠಗಳನ್ನೆಲ್ಲ ಶ್ರದ್ಧೆಯಿಂದ ಬರೆದಿಟ್ಟುಕೊಂಡ.

ಆ ನೋಟ್ ಪುಸ್ತಕದ ಕಥೆಯನ್ನು ನಮ್ಮ ಮಕ್ಕಳು ಕೇಳಲೇಬೇಕು. ಹಡಗಿನಲ್ಲಿ ವೈದ್ಯನಾಗಿ ಪೂರ್ವದೇಶಗಳಿಗೆ ತಿರುಗುತ್ತಿದ್ದಾಗ, 1785ರಲ್ಲಿ ಬುಕಾನನ್ ಅದನ್ನು ಜೊತೆಯವನೊಬ್ಬನಿಗೆ ಓದಲು ಕೊಟ್ಟ. ಆತ ಅದನ್ನು ಸತ್ಯಮಂಗಲದಲ್ಲಿ ಕಳೆದುಕೊಂಡ. ಪುಸ್ತಕ ಟಿಪ್ಪು ಸುಲ್ತಾನನ ಕೈಸೇರಿತು. ಟಿಪ್ಪು ಅದನ್ನು ಬಿಸಾಡಲಿಲ್ಲ. ಹೊಸದಾಗಿ ರಟ್ಟು ಕಟ್ಟಿಸಿ ತನ್ನ ಗ್ರಂಥಭಂಡಾರದಲ್ಲಿ ಇಟ್ಟುಕೊಂಡ. ಶ್ರೀರಂಗಪಟ್ಟಣ ಬಿದ್ದ ಮೇಲೆ, 1800ರಲ್ಲಿ, ಸೇನೆಯ ಅಧಿಕಾರಿಯೊಬ್ಬ ಅದನ್ನು ಅಲ್ಲಿ ಕಂಡು ಬುಕಾನನ್‌ಗೆ ಹಿಂದಿರುಗಿಸಿದ. ಕೊಟ್ಟ ನೋಟ್ಸ್ ವಾಪಸು ಬರುವುದಿಲ್ಲ ಎಂದು ಗೊಣಗುವ ನಮಗೆ ಇದೊಂದು ಸಮಾಧಾನ. ಹದಿನೈದು ವರ್ಷ ಕಾಯಬೇಕು, ಅಷ್ಟೆ.

1794ರಲ್ಲಿ ಬುಕಾನನ್ ಈಸ್ಟ್ ಇಂಡಿಯಾ ಕಂಪನಿಯ ಬಂಗಾಳದ ವೈದ್ಯ ಸೇವೆಗೆ ಸೇರಿದ. ಮರುವರ್ಷವೇ ಬರ್ಮಾ ದೇಶಕ್ಕೆ ಹೋದ ರಾಯಭಾರಿಗಳ ಜೊತೆ ಹೋಗಿ ಗಿಡಮರಗಳನ್ನು ಕಲೆಹಾಕಿ ತಂದ. ಅಲ್ಲಿಂದ ಬಂದ ಮೇಲೆ ಈಗಿನ ಬಾಂಗ್ಲಾದೇಶದ ಲಕ್ಷ್ಮೀಪುರದಲ್ಲಿ ಕೆಲಸಕ್ಕೆ ಹಾಕಿದರು. ಸುತ್ತಲೂ ನೀರು, ನೀರಿನ ತುಂಬ ಮೀನು. ಗಿಡದ ಹುಚ್ಚಿನವನಿಗೆ ಮೀನಿನ ಹುಚ್ಚು ಹಿಡಿದದ್ದು ಅಲ್ಲಿ. ಹಿಡಿದು ತಂದ ಮೀನು ಹಸಿಯಾಗಿರುವಾಗಲೇ ನೋಡಿ ಬರೆಯಬೇಕು. ಸತ್ತ ಸ್ವಲ್ಪ ಹೊತ್ತಿಗೇ ಬಣ್ಣ ಮಾಸುತ್ತದೆ. ಆದ್ದರಿಂದ ಮೈಯ ಆಕಾರ, ಬಾಯಿಯ ರೀತಿ, ಒಂದೊಂದು ರೆಕ್ಕೆಯಲ್ಲಿ ಎಷ್ಟು ಕಡ್ಡಿ ಎಂಬ ಲೆಕ್ಕ, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದ. ನೇತ್ರಾಣಿಯಲ್ಲಿ ನನಗೆ ಕಲಿಸಿದ್ದೂ ಇದನ್ನೇ. ಸಿಲಿಂಡರ್ ಒಂದು ಹೊಸದು, ಪಾಠ ಹಳೆಯದು.

1799ರ ಮೇ 4ರಂದು ಟಿಪ್ಪು ಸುಲ್ತಾನ್ ಮಡಿದ. ಗೆದ್ದ ಸೀಮೆಯಲ್ಲಿ ಏನು ಬೆಳೆಯುತ್ತದೆ, ಯಾರು ಏನು ತಯಾರಿಸುತ್ತಾರೆ, ಕಂದಾಯ ಎಷ್ಟು ಹುಟ್ಟುತ್ತದೆ ಎಂದು ತಿಳಿಯಬೇಕೆಂದು ಗವರ್ನರ್ ಜನರಲ್ ವೆಲ್ಲೆಸ್ಲಿ ಬುಕಾನನ್‌ನನ್ನು ಕಳುಹಿಸಿದ. 1800ರ ಏಪ್ರಿಲ್ 23ರಂದು ಮದ್ರಾಸು ಬಿಟ್ಟ ಆತ, ಮೈಸೂರು, ಮಲಬಾರು, ಕನ್ನಡ ಕರಾವಳಿಗಳನ್ನು ಸುತ್ತಿ ಹಿಂದಿರುಗಿದ್ದು 1801ರ ಜುಲೈ 6ಕ್ಕೆ. ಮೇ ತಿಂಗಳಲ್ಲಿ ಬೆಂಗಳೂರಿನಿಂದ ಶ್ರೀರಂಗಪಟ್ಟಣಕ್ಕೆ ಹೋಗುವಾಗ ಕೆಂಗೇರಿ, ಬಿಡದಿ ದಾಟಿ ಚನ್ನಪಟ್ಟಣಕ್ಕೆ ಬಂದ. ಇಂದು ಬೊಂಬೆಗೆ ಹೆಸರಾದ ನಮ್ಮ ಪಟ್ಟಣದಲ್ಲಿ ಆತ ಬರೆದುಕೊಂಡದ್ದು ಗಾಜಿನ ಬಳೆ ಮಾಡುವವರನ್ನು, ವಾದ್ಯಗಳ ತಂತಿಗಾಗಿ ಉಕ್ಕನ್ನು ನೂಲಿನಷ್ಟು ಸಣ್ಣಗೆ ಎಳೆಯುವವರನ್ನು, ಸಕ್ಕರೆ ಮಾಡುವವರನ್ನು. ಚನ್ನಪಟ್ಟಣದ ತಂತಿಗೆ ದೂರದೂರದ ಊರುಗಳಲ್ಲಿ ಬೇಡಿಕೆಯಿತ್ತು. ಅದೇ ಪ್ರವಾಸದಲ್ಲಿ ಮಾಗಡಿ ಸೀಮೆಗೂ ಹೋಗಿ, ಅದಿರು ಕರಗಿಸಿ ಕಬ್ಬಿಣ ತೆಗೆಯುವ ಒಲೆಗಳನ್ನು ನೋಡಿದ. ರಾಗಿ ಹೇಗೆ ಬಿತ್ತುತ್ತಾರೆ, ಕುಂಟೆ ಕೂರಿಗೆ ಹೇಗಿರುತ್ತವೆ, ಆಳಿಗೆ ಕೂಲಿ ಎಷ್ಟು ಎಂದು ಹೋದಲ್ಲೆಲ್ಲ ದುಭಾಷಿಯ ಮೂಲಕ ಕೇಳಿ ಬರೆದುಕೊಂಡ. 1801ರ ಮೊದಲ ತಿಂಗಳುಗಳಲ್ಲಿ ಕರಾವಳಿಯಲ್ಲಿ ಮಂಗಳೂರಿನಿಂದ ಉತ್ತರಕ್ಕೆ ಸಾಗಿದ. ನಾನು ಮೀನಿನ ಹೆಸರು ತಪ್ಪಾಗಿ ಬರೆದುಕೊಂಡ ಆ ದ್ವೀಪದ ಎದುರಿನ ದಡವೂ ಆತನ ದಾರಿಯಲ್ಲಿತ್ತು. ಈ ಪ್ರವಾಸದ ವಿವರ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು.

ಒಂದು ಮಾತನ್ನು ಮುಚ್ಚಿಡಬಾರದು. ಬುಕಾನನ್ ಬಂದದ್ದು ನಮ್ಮ ಮೇಲಿನ ಪ್ರೀತಿಯಿಂದಲ್ಲ. ಗೆದ್ದವರು ಮನೆಯ ಸಾಮಾನು ಪಟ್ಟಿ ಮಾಡಿಸುವ ಹಾಗೆ ಕಂಪನಿ ಆತನಿಂದ ಪಟ್ಟಿ ಮಾಡಿಸಿತು. ಆತನ ಬರಹದಲ್ಲಿ ನಮ್ಮ ಜನರ ಬಗ್ಗೆ ಬಿರುಸಾದ, ಮೇಲಿನಿಂದ ನೋಡಿದ ಮಾತುಗಳೂ ಇವೆ. ಆದರೆ ಆತ ಬರೆದಿಡದಿದ್ದರೆ ಚನ್ನಪಟ್ಟಣದ ತಂತಿಯ ಹೆಸರು ಇಂದು ನಮಗೆ ಎಷ್ಟು ಗೊತ್ತಿರುತ್ತಿತ್ತು? ಆ ಕಸುಬು ನಿಂತುಹೋಗಿದೆ, ಬರಹ ಉಳಿದಿದೆ. ಎರಡನ್ನೂ ನೆನಪಿನಲ್ಲಿ ಇಟ್ಟುಕೊಂಡೇ ಆತನನ್ನು ಓದಬೇಕು.

ಮುಂದೆ ನೇಪಾಳಕ್ಕೆ ಹೋಗಿಬಂದ. 1807ರಿಂದ 1814ರವರೆಗೆ ಏಳು ವರ್ಷ ಬಂಗಾಳ, ಬಿಹಾರದ ಜಿಲ್ಲೆಗಳನ್ನು ಸುತ್ತಿದ. ದಿನಾಜಪುರ, ರಂಗಪುರ, ಪೂರ್ಣಿಯಾ, ಭಾಗಲಪುರ, ಪಟ್ನಾ, ಗೋರಖಪುರ ಎಂದು ಮೈಸೂರಿನಲ್ಲಿ ಮಾಡಿದಂತೆಯೇ ಕೇಳುತ್ತಾ, ಬರೆಯುತ್ತಾ ಹೋದ. ಎಲ್ಲಿ ಹೋದರೂ ಮೀನು ಬಿಡಲಿಲ್ಲ. ಇಲ್ಲಿ ನನಗೆ ಬಹಳ ಹಿಡಿಸಿದ ಸಂಗತಿಯೊಂದಿದೆ. ಹೊಸ ಮೀನಿಗೆ ಹೆಸರಿಡುವಾಗ ಲ್ಯಾಟಿನ್ ನಿಘಂಟಿನಲ್ಲಿ ತಡಕಾಡುವುದು ಆಗಿನ ಪಂಡಿತರ ಪದ್ಧತಿ. ಬುಕಾನನ್ ಎಷ್ಟೋ ಸಲ ಅಲ್ಲಿನ ಜನ ಕರೆಯುವ ಹೆಸರನ್ನೇ ಇಟ್ಟ. ರೋಹಿತ, ಕಾಟ್ಲಾ, ಮೃಗಾಲ, ಇಲಿಶ ಎಲ್ಲವೂ ಬೆಸ್ತರ ಬಾಯಲ್ಲಿದ್ದ ಹೆಸರುಗಳು. ಇಂದು ಪ್ರಪಂಚದ ಯಾವ ಪ್ರಯೋಗಾಲಯಕ್ಕೆ ಹೋದರೂ ಪಟ್ಟೆ ಪಟ್ಟೆಯ ಜೀಬ್ರಾ ಮೀನಿನ ತೊಟ್ಟಿ ಸಿಗುತ್ತದೆ. ಹೃದಯ, ನರ, ಬೆನ್ನುಹುರಿಯ ಸಂಶೋಧನೆಗೆ ಅದು ಬೇಕೇಬೇಕು. ಅದರ ಶಾಸ್ತ್ರೀಯ ಹೆಸರಿನಲ್ಲಿರುವ ರೆರಿಯೋ ಎಂಬ ಪದವನ್ನು ಇಟ್ಟವನೂ ಈತನೇ.

1814ರಲ್ಲಿ ಕಲ್ಕತ್ತೆಯ ಸಸ್ಯೋದ್ಯಾನದ ಮೇಲ್ವಿಚಾರಕನಾದ. ಅದು ಆತ ಬಯಸಿದ್ದ ಹುದ್ದೆ. ಆದರೆ ಅಷ್ಟು ಹೊತ್ತಿಗೆ ಆರೋಗ್ಯ ಕೆಟ್ಟಿತ್ತು. ಮರುವರ್ಷವೇ ಊರಿಗೆ ಹೊರಟ. ಹೊರಡುವಾಗ ದೊಡ್ಡ ಪೆಟ್ಟು ಬಿತ್ತು. ವರ್ಷಗಟ್ಟಲೆ ತನ್ನ ಕಣ್ಣೆದುರು ಭಾರತೀಯ ಚಿತ್ರಕಾರರಿಂದ ಬರೆಸಿದ್ದ ಸಸ್ಯಗಳ ಚಿತ್ರಗಳನ್ನು ಕೊಂಡೊಯ್ಯಲು ಆಗಿನ ಗವರ್ನರ್ ಜನರಲ್ ಬಿಡಲಿಲ್ಲ. ಮೀನಿನ ಚಿತ್ರಗಳಲ್ಲೂ ಎಷ್ಟೋ ಕಲ್ಕತ್ತೆಯಲ್ಲೇ ಉಳಿದವು.

ಊರಿನಲ್ಲಿ ತಾಯಿಯ ಕಡೆಯ ಆಸ್ತಿ ಬಂತು. ಆಸ್ತಿಯ ಜೊತೆ ಆ ಮನೆತನದ ಹೆಸರನ್ನೂ ತೆಗೆದುಕೊಳ್ಳಬೇಕಾಗಿ ಬಂದು, ಬುಕಾನನ್ ಹೋಗಿ ಹ್ಯಾಮಿಲ್ಟನ್ ಆದ. ಕೈಲಿದ್ದ ಟಿಪ್ಪಣಿ ಮತ್ತು ಚಿತ್ರಗಳನ್ನಿಟ್ಟುಕೊಂಡು 1822ರಲ್ಲಿ ಎಡಿನ್‌ಬರೊದಿಂದ ಗಂಗಾ ನದಿಯ ಮೀನುಗಳ ಪುಸ್ತಕ ಹೊರತಂದ. ಶಾಸ್ತ್ರಕ್ಕೆ ಅಲ್ಲಿಯವರೆಗೆ ಗೊತ್ತಿರದಿದ್ದ ನೂರಕ್ಕೂ ಹೆಚ್ಚು ಜಾತಿಯ ಮೀನುಗಳು ಅದರಲ್ಲಿದ್ದವು, 39 ಚಿತ್ರಪುಟಗಳಿದ್ದವು. 1829ರ ಜೂನ್ 15ರಂದು ತೀರಿಕೊಂಡ. ಏಳು ವರ್ಷ ಬಂಗಾಳ ಸುತ್ತಿ ಬರೆದ ವರದಿ ಆತ ಬದುಕಿರುವಾಗ ಅಚ್ಚಾಗಲೇ ಇಲ್ಲ. 1838ರಲ್ಲಿ ಮಾಂಟ್ಗೊಮೆರಿ ಮಾರ್ಟಿನ್ ಎಂಬಾತ ಅದನ್ನು ಕತ್ತರಿಸಿ ಅಚ್ಚು ಹಾಕಿಸಿದಾಗ ಮುಖಪುಟದಲ್ಲಿ ಬುಕಾನನ್ ಹೆಸರೇ ಇರಲಿಲ್ಲ.

ಇದನ್ನು ಓದಿದಾಗ ಪಾಪ ಎನಿಸಿತು. ಆಮೇಲೆ ಇನ್ನೊಂದು ಯೋಚನೆ ಬಂತು. ಮಳೆಯಲ್ಲಿ ನೆನೆದು ಬಲೆ ಎಳೆದು, ಇದು ರೋಹಿತ, ಇದು ಕಾಟ್ಲಾ ಎಂದು ಆತನಿಗೆ ತೋರಿಸಿಕೊಟ್ಟ ಬೆಸ್ತರ ಹೆಸರುಗಳು ಎಲ್ಲಿವೆ? ಅವರು ಹೇಳಿದ ಪದಗಳು ಉಳಿದವು, ಹೇಳಿದವರ ಹೆಸರು ಉಳಿಯಲಿಲ್ಲ. ಮೀನಿನ ಪಕ್ಕದಲ್ಲಿರುವುದು ಹ್ಯಾಮಿಲ್ಟನ್ ಒಬ್ಬನ ಹೆಸರು.

ಈ ಯೋಚನೆ ನನ್ನನ್ನು ಸೀದಾ ನಮ್ಮ ಮನೆಗೆ ಕರೆತಂದಿತು. ನಮ್ಮ ದೊಡ್ಡಪ್ಪ ಬೇಸಾಯದವರು. ಆದರೆ ಬೇಸಿಗೆಯಲ್ಲಿ ಕೆರೆ ಬತ್ತುವ ಹೊತ್ತಿಗೆ ಅವರ ಕೈಯಲ್ಲಿ ಬಲೆ ಇದ್ದೇ ಇರುತ್ತಿತ್ತು. ಬಲೆಯಿಂದ ಮೀನು ಬಿಡಿಸುತ್ತಾ ಒಂದೊಂದರ ಹೆಸರು ಹೇಳುತ್ತಿದ್ದರು. ಗೆಂಡೆ, ಕೊರವ, ಚೇಳುಮೀನು ಎಂಬುವು ನನಗೆ ನೆನಪಿವೆ. ಬೆರಳುದ್ದದ ಮೀನುಗಳಿಗೂ ಬೇರೆ ಬೇರೆ ಹೆಸರಿದ್ದವು, ಒಂದೇ ಮೀನಿಗೆ ಮರಿಯಲ್ಲೊಂದು ದೊಡ್ಡದಾದಾಗ ಒಂದು ಹೆಸರಿತ್ತು. ಅವರು ಬಣ್ಣ ನೋಡುತ್ತಿರಲಿಲ್ಲ. ಕತ್ತಲಲ್ಲಿ ಕೈಯಾಡಿಸಿಯೇ ಯಾವ ಮೀನು ಎಂದು ಹೇಳುತ್ತಿದ್ದರು. ನೇತ್ರಾಣಿಯಲ್ಲಿ ನಾನು ದುಡ್ಡು ಕೊಟ್ಟು ಕಲಿತ ಪಾಠ ನಮ್ಮ ಹಟ್ಟಿಯ ಮುಂದೆಯೇ ಪುಕ್ಕಟೆ ನಡೆಯುತ್ತಿತ್ತು. ನಾನು ಹೋಂವರ್ಕ್ ಇದೆ ಎಂದು ಎದ್ದು ಹೋಗುತ್ತಿದ್ದೆ.

ನೇತ್ರಾಣಿಯ ಮೀನುಗಳಲ್ಲಿ ನಲವತ್ತನ್ನು ಗುರುತಿಸಲು ಕಲಿತ ವರ್ಷ, ಊರಿಗೆ ಬಂದು ಅವರ ಹತ್ತಿರ ಕೂತು ನಮ್ಮ ಕೆರೆಯ ಮೀನುಗಳ ಪಟ್ಟಿ ಬರೆದುಕೊಳ್ಳಬೇಕೆಂದಿದ್ದೆ. ಬುಕಾನನ್ ಕಥೆಯನ್ನೂ ಅವರಿಗೆ ಹೇಳಬೇಕೆಂದಿದ್ದೆ. ಪ್ರಾಜೆಕ್ಟ್ ಮುಗಿಯಲಿ ಎಂದು ಯುಗಾದಿಗೆ ಹೋಗಲಿಲ್ಲ. ಗೌರಿ ಹಬ್ಬಕ್ಕೆ ಹೋಗೋಣ ಎಂದುಕೊಂಡೆ. ಆಷಾಢದಲ್ಲಿ ಅವರು ತೀರಿಕೊಂಡರು. ತಿಥಿಯ ದಿನ ಕೆರೆ ಏರಿಯ ಮೇಲೆ ನಿಂತು ಅಲ್ಲಿ ಮೀನು ಹಿಡಿಯುತ್ತಿದ್ದ ಹುಡುಗರನ್ನು ಕೇಳಿದೆ. ಕಾಟ್ಲಾ, ರೋಹು, ಜಿಲೇಬಿ ಎಂದರು. ಮಿಕ್ಕ ಸಣ್ಣವಕ್ಕೆಲ್ಲ ಪುಡಿಮೀನು ಎಂದರು. ತಪ್ಪು ಅವರದಲ್ಲ. ಕಾಟ್ಲಾ, ರೋಹು ಗಂಗೆಯ ಕಡೆಯಿಂದ ತಂದು ಬಿಟ್ಟ ಮೀನುಗಳು, ಜಿಲೇಬಿ ಆಫ್ರಿಕಾದಿಂದ ಬಂದದ್ದು. ಈಗ ಕೆರೆಯಲ್ಲಿ ಹೆಚ್ಚಾಗಿ ಸಿಗುವುದೇ ಅವು. ಗಂಗಾತೀರದ ಬೆಸ್ತರ ಪದ ನಮ್ಮ ಕೆರೆಯಲ್ಲಿ ಉಳಿದಿದೆ. ನಮ್ಮ ದೊಡ್ಡಪ್ಪನ ಪದ ಉಳಿಯಲಿಲ್ಲ. ಬರೆದುಕೊಳ್ಳಬೇಕಾದವನು ನಾನು.

ಹೆಸರು ಬರೆದಿಡುವುದರಿಂದ ಏನಾಗುತ್ತದೆ ಎಂದು ಕೇಳುವವರಿಗೆ ಕನಕಪುರ ತಾಲ್ಲೂಕಿನ ಸಂಗಮದ ಕಡೆಯ ಉದಾಹರಣೆ ಹೇಳುತ್ತೇನೆ. ಕಾವೇರಿಯ ಆ ಮಡುಗಳಲ್ಲಿ ಬೆನ್ನು ಉಬ್ಬಿದ, ಮನುಷ್ಯನಷ್ಟು ತೂಗುವ ಮಹಶೀರ್ ಮೀನುಗಳಿವೆ. ನಮ್ಮ ಜನ ಅದನ್ನು ಬಿಳಿಮೀನು ಎನ್ನುತ್ತಾರೆ. ಅದರ ಕುಲದ ಶಾಸ್ತ್ರೀಯ ಹೆಸರು ತೋರ್. ಅದೂ 1822ರ ಬುಕಾನನ್ ಪುಸ್ತಕದಿಂದಲೇ ಬಂದ ಪದ. ಗಾಳ ಹಾಕುವ ವಿದೇಶಿಯರಿಗೆಲ್ಲ ನೂರಕ್ಕೂ ಹೆಚ್ಚು ವರ್ಷದಿಂದ ಗೊತ್ತಿದ್ದ ಈ ದೊಡ್ಡ ಮೀನು ಯಾವ ಜಾತಿ ಎಂಬುದು ಶಾಸ್ತ್ರಕ್ಕೆ ಖಚಿತವಾದದ್ದು 2018ರಲ್ಲಿ. ಕೇರಳದ ಪಾಂಬಾರ್ ನದಿಯಲ್ಲಿ ಗುರುತಿಸಿದ್ದ ತೋರ್ ರೆಮಾದೇವಿಯೇ ಇದು ಎಂದು ಗೊತ್ತಾದ ಮೇಲೆ, ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಸೇರಿಸಿದರು. ಅಷ್ಟು ದಿನ, ಹೊರಗಿನಿಂದ ತಂದು ಬಿಟ್ಟ ಬೇರೆ ಮಹಶೀರ್ ಹೆಚ್ಚುತ್ತಾ ಇದು ಕಡಿಮೆಯಾಗುತ್ತಿದ್ದರೂ ಎಲ್ಲಕ್ಕೂ ಒಂದೇ ಹೆಸರು ಹೇಳಿ ಸುಮ್ಮನಿದ್ದರು. ಯಾವ ಮೀನು ಎಂದು ಗೊತ್ತಿಲ್ಲದಿದ್ದರೆ ಅದು ಕಳೆದುಹೋದದ್ದೂ ಗೊತ್ತಾಗುವುದಿಲ್ಲ.

ಆದ್ದರಿಂದ ಸಂಚಿಕೆಯ ಮೂಲಕ ನಮ್ಮ ಶಾಲೆಗೆ ಒಂದು ಬಿನ್ನಹ. ವಿಜ್ಞಾನದ ಕೊಠಡಿಯಲ್ಲಿ ಒಂದು ದಪ್ಪ ಪುಸ್ತಕ ಇಡೋಣ. ಅದರ ಖರ್ಚು ನನ್ನದು. ಎಂಟನೇ ತರಗತಿಗೆ ಬಂದ ಮಕ್ಕಳು ಪ್ರತಿ ವರ್ಷ ನಮ್ಮ ಕೆರೆ, ತೋಟ, ಗುಡ್ಡದಲ್ಲಿ ಕಂಡ ಮೀನು, ಹಕ್ಕಿ, ಗಿಡಗಳನ್ನು ಅದರಲ್ಲಿ ಬರೆಯಲಿ. ಮೀನಾದರೆ ಆಕಾರ, ಬಾಲ, ರೆಕ್ಕೆ, ಪಟ್ಟೆ ನೋಡಿ ಬರೆಯಲಿ, ಬಣ್ಣ ಕೊನೆಗಿರಲಿ. ಮನೆಯ ಅಜ್ಜ, ಅಜ್ಜಿ, ಮಾವ, ದೊಡ್ಡಪ್ಪಂದಿರು ಅದನ್ನು ಏನೆಂದು ಕರೆಯುತ್ತಾರೆ ಎಂದು ಕೇಳಿ ಬರೆಯಲಿ. ಬುಕಾನನ್ ಮಾಡದೆ ಬಿಟ್ಟ ಕೆಲಸ ಒಂದಿದೆ, ಅದನ್ನೂ ಮಾಡಲಿ. ಹೆಸರು ಹೇಳಿಕೊಟ್ಟವರ ಹೆಸರನ್ನೂ ಪಕ್ಕದಲ್ಲಿ ಬರೆಯಲಿ, ಇಸವಿ ಸಮೇತ.

ಮೊದಲ ಪುಟದಲ್ಲಿ ಗೆಂಡೆ, ಕೊರವ, ಚೇಳುಮೀನು ಎಂದು ನಾನೇ ಬರೆದು, ಪಕ್ಕದಲ್ಲಿ ನಮ್ಮ ದೊಡ್ಡಪ್ಪನ ಹೆಸರು ಹಾಕುತ್ತೇನೆ. ಮೂರೇ ಮೂರು ಇವೆ. ಮಿಕ್ಕವು ಊರಿನಲ್ಲಿ ಇನ್ನೂ ಯಾರಿಗಾದರೂ ನೆನಪಿದ್ದರೆ, ದಯವಿಟ್ಟು ಈ ವರ್ಷವೇ ಮಕ್ಕಳಿಗೆ ಹೇಳಿಕೊಡಿ.

 

– ಹಳೆಯ ವಿದ್ಯಾರ್ಥಿ, 2004–05ನೇ ಸಾಲು, ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು